ಮೊದಲು ಪಟ್ಟಿ, ಆಮೇಲೆ ಪುನರ್ಮಿಲನ

(ಕಾಸರಗೋಡಿನಲ್ಲಿ ಹಳೆ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕುಳಿತಿರುವ ಎಲ್ಲರ ಪದವಿ ಪತ್ರಗಳನ್ನು ತಂದು ಒಂದೇ ಮೇಜಿನ ಮೇಲೆ ಹರಡಿದರೆ ಕಾಸರಗೋಡಿನ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ. 1956ರ ನವೆಂಬರ್ 1ರ ತನಕ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕಾಲೇಜು ಓದಬೇಕೆಂದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೋ ಅಲ್ಲಿನ ಸರಕಾರಿ ಕಾಲೇಜಿಗೋ ಹೋಗಬೇಕಿತ್ತು. ಆ ಪತ್ರಗಳ ಮೇಲೆ ಮದ್ರಾಸ್ ವಿಶ್ವವಿದ್ಯಾಲಯದ ಮುದ್ರೆ. 1957ರಲ್ಲಿ ಕಾಸರಗೋಡಿಗೇ ಸರಕಾರಿ ಕಾಲೇಜು ಬಂತು, ಮುದ್ರೆ ಕೇರಳ ವಿಶ್ವವಿದ್ಯಾಲಯದ್ದಾಯಿತು. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಹುಟ್ಟಿತು, ಮಲಬಾರಿನ ಕಾಲೇಜುಗಳೆಲ್ಲ ಅದರ ಅಧೀನಕ್ಕೆ ಹೋದವು. 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮತ್ತೆ ಮುದ್ರೆ ಬದಲಾಯಿತು. ಎಂ.ಎ.ಗೆ ಕೊಣಾಜೆಗೆ ಹೋದವರದ್ದು ಇನ್ನೊಂದು ಕಥೆ. 1980ಕ್ಕೆ ಮೊದಲು ಹೋದವರಿಗೆ ಅದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, ಆಮೇಲೆ ಹೋದವರಿಗೆ ಮಂಗಳೂರು ವಿಶ್ವವಿದ್ಯಾಲಯ. 2009ರಿಂದ ನಮ್ಮ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ.

ಕಾಲೇಜು ಅದೇ, ಕನ್ನಡ ವಿಭಾಗ ಅದೇ, ಒಬ್ಬ ಗುರುವಿನ ಶಿಷ್ಯ ಮುಂದೆ ಅದೇ ವಿಭಾಗದಲ್ಲಿ ಗುರುವಾದ ಪರಂಪರೆಯೂ ಅದೇ. ಆದರೆ ಪದವಿ ಕೊಟ್ಟ ವಿಶ್ವವಿದ್ಯಾಲಯ ಮಾತ್ರ ಎರಡು ಸಲ ಬದಲಾಗಿದೆ. ಹಾಗಾಗಿ ವಿಶ್ವವಿದ್ಯಾಲಯದ ಮಟ್ಟದ ಹಳೆ ವಿದ್ಯಾರ್ಥಿ ಸಂಘವೊಂದು ಎಷ್ಟೇ ಚೆನ್ನಾಗಿ ನಡೆದರೂ ಅದಕ್ಕೆ ನಮ್ಮಲ್ಲಿ ಒಂದು ತಲೆಮಾರಿನ ಗುರುತು ಮಾತ್ರ ಇರುತ್ತದೆ. ಕಣ್ಣೂರಿನ ಲೆಕ್ಕ ಶುರುವಾಗುವುದೇ 1996ರಿಂದ. ಕಲ್ಲಿಕೋಟೆಯ ಕಾಲದವರು ಆ ಲೆಕ್ಕದಲ್ಲಿಲ್ಲ. ತೇಂಞಿಪ್ಪಾಲಂನಲ್ಲಿರುವ ಅವರ ವಿಶ್ವವಿದ್ಯಾಲಯಕ್ಕೆ ಕಾಸರಗೋಡು ಈಗ ತನ್ನ ವ್ಯಾಪ್ತಿಯ ಊರೂ ಅಲ್ಲ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಹಳೆ ವಿದ್ಯಾರ್ಥಿಗಳನ್ನು ಸಂಘಟಿಸುವ ಕೆಲಸ ಗಟ್ಟಿಯಾಗಿ ನೆಲೆಯೂರಬೇಕಾದದ್ದು ಕಾಲೇಜಿನಲ್ಲಿ ಮತ್ತು ವಿಭಾಗದಲ್ಲಿ. ವಿಶ್ವವಿದ್ಯಾಲಯದ ಸಂಘ ಅಂಥ ಘಟಕಗಳ ಒಕ್ಕೂಟವಾಗಿರಲಿ. ಈ ಕ್ರಮವನ್ನು ತಲೆಕೆಳಗು ಮಾಡಿ, ಮೇಲೆ ಒಂದು ದೊಡ್ಡ ಸಮಿತಿ ರಚಿಸಿ ಕೆಳಗೆ ಸದಸ್ಯರನ್ನು ಹುಡುಕುವ ಪದ್ಧತಿ ಗಡಿಯ ಊರುಗಳಿಗೆ ಹೊಂದುವುದಿಲ್ಲ.

ಈಗ ಸಂಘ ಎಂದರೇನು ಎಂಬಲ್ಲಿಗೆ ಬರೋಣ. ಹಳೆ ವಿದ್ಯಾರ್ಥಿ ಸಂಘ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ವರ್ಷಕ್ಕೊಮ್ಮೆಯ ಸಮಾವೇಶ, ನಿವೃತ್ತ ಗುರುಗಳಿಗೆ ಶಾಲು, ಮಧ್ಯಾಹ್ನದ ಊಟ, ಗುಂಪಿನ ಫೋಟೋ. ಇದೆಲ್ಲ ಬೇಕು, ನನಗೂ ಇಷ್ಟ. ಆದರೆ ಕಾನೂನಿನ ಕಣ್ಣಿಗೆ ಇದು ಯಾವುದೂ ಸಂಘವಲ್ಲ. ಕೇರಳದಲ್ಲಿ ಸಂಘಗಳ ನೋಂದಣಿಗೆ ಎರಡು ಕಾಯ್ದೆಗಳಿವೆ. ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಕಾಯ್ದೆ. ಮದ್ರಾಸ್ ರಾಜ್ಯದಿಂದ ಬಂದ ಮಲಬಾರ್ ಭಾಗಕ್ಕೆ, ಅಂದರೆ ನಮಗೆ, 1860ರ ಸಂಘಗಳ ನೋಂದಣಿ ಕಾಯ್ದೆ. ತಲಪಾಡಿ ದಾಟಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಮಂಗಳೂರಿನ ಕಾಲೇಜಿನ ನಿಯಮಾವಳಿಯನ್ನು ತಂದು ಹೆಸರು ಬದಲಿಸಿ ಇಲ್ಲಿ ಸಲ್ಲಿಸುವವರು ಇದನ್ನು ಗಮನಿಸಬೇಕು.

1860ರ ಕಾಯ್ದೆ ಚಿಕ್ಕದು, ಸರಳವಾದದ್ದು. ಏಳು ಜನ ಸೇರಿ ಉದ್ದೇಶಪತ್ರಕ್ಕೆ ಸಹಿ ಹಾಕಿ ನಿಯಮಾವಳಿಯೊಂದಿಗೆ ರಿಜಿಸ್ಟ್ರಾರರಿಗೆ ಸಲ್ಲಿಸಿದರೆ ಸಂಘ ಹುಟ್ಟುತ್ತದೆ. ಹುಟ್ಟಿಸುವುದು ಸುಲಭ, ಜೀವಂತ ಇಡುವುದರಲ್ಲಿದೆ ಕಷ್ಟ. ವಾರ್ಷಿಕ ಮಹಾಸಭೆ ನಡೆದ ಹದಿನಾಲ್ಕು ದಿನಗಳ ಒಳಗೆ ಹೊಸ ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು ಎನ್ನುತ್ತದೆ 4ನೇ ಕಲಮು. ಒಂದು ಹಾಳೆಯ ಕೆಲಸ. ಆದರೆ ನಮ್ಮ ಕಡೆಯ ಎಷ್ಟೋ ಸಂಘಗಳು ಸೋಲುವುದು ಈ ಒಂದು ಹಾಳೆಯಲ್ಲಿ. ಕಾರ್ಯದರ್ಶಿಗೆ ವರ್ಗವಾಯಿತು, ಖಜಾಂಚಿ ಮಸ್ಕತ್ತಿಗೆ ಹೋದರು, ಮೂರು ವರ್ಷ ಪಟ್ಟಿ ಸಲ್ಲಿಕೆಯಾಗಲಿಲ್ಲ ಎಂದಿಟ್ಟುಕೊಳ್ಳಿ. ನಾಲ್ಕನೆಯ ವರ್ಷ ಬ್ಯಾಂಕಿನವರು ಖಾತೆಯ ಸಹಿ ಬದಲಿಸಲು ರಿಜಿಸ್ಟ್ರಾರರ ಪ್ರಮಾಣಪತ್ರ ಕೇಳುತ್ತಾರೆ. ಖಾತೆಯಲ್ಲಿ ಹಣವಿರುತ್ತದೆ, ಅದನ್ನು ತೆಗೆಯುವ ಅಧಿಕಾರ ಯಾರಿಗೂ ಇರುವುದಿಲ್ಲ. ಇಂಥ ಸಂಘವೊಂದರ ಕಾಗದಗಳನ್ನು ನಾನು ಕೂತು ಓದಿದ್ದೇನೆ. ಅದನ್ನು ಕಟ್ಟಿದವರು ಪ್ರಾಮಾಣಿಕರು, ಹಣ ಕೊಟ್ಟವರು ಉದಾರಿಗಳು. ಆದರೂ ಆ ಹಣದಿಂದ ಒಂದು ಮಗುವಿನ ಪರೀಕ್ಷಾ ಶುಲ್ಕವನ್ನೂ ಕಟ್ಟಲಾಗದೆ ವರ್ಷಗಳು ಕಳೆದಿದ್ದವು. ಇಂಥದ್ದನ್ನು ನೋಡಿದ ಮೇಲೆ ಮಹಾಸಭೆಯ ನಡಾವಳಿ ಪುಸ್ತಕವನ್ನು ಉದಾಸೀನ ಮಾಡುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಅದೇ ಕಾಯ್ದೆಯ 15ನೇ ಕಲಮನ್ನು ಎಲ್ಲರೂ ಓದಬೇಕು. ಚಂದಾ ಬಾಕಿ ಮೂರು ತಿಂಗಳು ಮೀರಿದವರಿಗೆ ಮತ ಹಾಕುವ ಹಕ್ಕಿಲ್ಲ, ಅವರನ್ನು ಸದಸ್ಯರೆಂದು ಎಣಿಸುವಂತೆಯೂ ಇಲ್ಲ. ಸಮಾವೇಶಕ್ಕೆ ಸಾವಿರ ಜನ ಸೇರಿರಬಹುದು, ಆದರೆ ಸಂಘದ ಸದಸ್ಯರು ಪುಸ್ತಕದಲ್ಲಿ ಹೆಸರಿದ್ದು ಚಂದಾ ಕಟ್ಟಿದವರು ಮಾತ್ರ. ಅದಕ್ಕಾಗಿಯೇ ಹೆಚ್ಚಿನ ಕಾಲೇಜುಗಳು ಆಜೀವ ಸದಸ್ಯತ್ವವನ್ನು ಮುಂದಿಡುತ್ತವೆ. ವರ್ಗಾವಣೆ ಪತ್ರ ತೆಗೆದುಕೊಳ್ಳುವ ದಿನ ಒಂದಿಷ್ಟು ಹಣ ಕಟ್ಟಿಸಿಕೊಂಡು ರಸೀದಿ ಕೊಡುವ ಪದ್ಧತಿಯೂ ಇದೆ. ಪದ್ಧತಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಅದರ ನಂತರದ ಮೌನದಲ್ಲಿ. ಹಣ ಕಟ್ಟಿದ ಹುಡುಗಿಗೆ ತಾನು ಒಂದು ಸಂಘದ ಸದಸ್ಯೆ, ಮಹಾಸಭೆಯಲ್ಲಿ ತನಗೆ ಮತವಿದೆ, ಲೆಕ್ಕ ಕೇಳುವ ಹಕ್ಕಿದೆ ಎಂದು ಯಾರೂ ಹೇಳುವುದಿಲ್ಲ. ಅವಳ ಮಟ್ಟಿಗೆ ಅದು ಕಾಲೇಜು ಬಿಡುವಾಗ ಕಟ್ಟಿದ ಇನ್ನೊಂದು ಶುಲ್ಕ.

ನಾನು ಇಂದು ಹೇಳಬೇಕೆಂದು ಬಂದಿರುವುದು ಈ ಸದಸ್ಯರ ಪಟ್ಟಿಯ ಬಗ್ಗೆ. ಕಟ್ಟಡ, ನಿಧಿ, ಸ್ಮರಣ ಸಂಚಿಕೆ ಎಲ್ಲಕ್ಕಿಂತ ಮೊದಲಿನ ಆಸ್ತಿ ಅದೇ. ಯಾವ ವರ್ಷ, ಯಾವ ವಿಷಯ, ಯಾವ ಊರು, ಆಮೇಲೆ ಏನು ಓದಿದರು, ಈಗ ಯಾವ ಉದ್ಯೋಗ: ಇಷ್ಟು ಸಾಕು. ಒಬ್ಬರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಂಚಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಅದು. ಸದಸ್ಯರ ಮೊಬೈಲ್ ಸಂಖ್ಯೆಗಳನ್ನು ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳ ಕೈಗೆ ಕೊಡುವುದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ಹಾಗೆ ಒಮ್ಮೆ ನಂಬಿಕೆ ಹೋದರೆ ಪಟ್ಟಿ ಕೇವಲ ಕಾಗದ.

ಗಡಿನಾಡಿನಲ್ಲಿ ಈ ಪಟ್ಟಿಗೆ ಬೇರೆ ಕಡೆ ಇಲ್ಲದ ತೂಕವಿದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗಲೆಲ್ಲ ಪಾಲಕರು ಧರಣಿ ಕುಳಿತಿದ್ದಾರೆ, ಮಕ್ಕಳು ತರಗತಿ ಬಿಟ್ಟು ಹೊರಗೆ ನಿಂತಿದ್ದಾರೆ. ಆಗ ಕೇಳಿಬರುವ ಒಂದು ಮಾತು: ಅರ್ಹ ಅಭ್ಯರ್ಥಿಗಳೇ ಇಲ್ಲ. ಇದ್ದಾರೋ ಇಲ್ಲವೋ ಎಂದು ಹೇಳಬಲ್ಲವರು ಯಾರು? ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲೋ ಭೌತಶಾಸ್ತ್ರದಲ್ಲೋ ಪದವಿ ಪಡೆದು, ಬಿ.ಎಡ್. ಮುಗಿಸಿದವರು ನಮ್ಮ ಕಾಲೇಜುಗಳಿಂದಲೇ ಹೊರಟವರಲ್ಲವೇ? ಅವರು ಈಗ ಮುಳ್ಳೇರಿಯದಲ್ಲಿದ್ದಾರೋ ಪುತ್ತೂರಿನ ಖಾಸಗಿ ಶಾಲೆಯಲ್ಲಿದ್ದಾರೋ ಎಂಬುದು ಒಂದು ಜೀವಂತ ಪಟ್ಟಿಯಿಂದ ಅರ್ಧ ಗಂಟೆಯಲ್ಲಿ ತಿಳಿಯಬೇಕು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ ನಮ್ಮ ಜಿಲ್ಲೆಯಲ್ಲಿ ಗುಮಾಸ್ತ ಹುದ್ದೆಗಳಿಗೆ ಪ್ರತ್ಯೇಕ ಅರ್ಜಿ ಕರೆಯುತ್ತದೆ. ಆ ಸುದ್ದಿ ಮಂಜೇಶ್ವರದ ಒಳಗಿನ ಗ್ರಾಮಗಳಿಗೆ ಕೊನೆಯ ದಿನಾಂಕಕ್ಕೆ ಮೊದಲು ತಲುಪುವುದು ಇಂಥ ಪಟ್ಟಿಯಿಂದಲೇ. ಕರ್ನಾಟಕದ ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಅದನ್ನು ಬರೆದು ಪಾಸಾದ ಅಕ್ಕನೊಬ್ಬಳು ಹನ್ನೆರಡನೆಯ ತರಗತಿಯ ತಂಗಿಗೆ ದಾರಿ ಹೇಳುವುದಕ್ಕಿಂತ ಒಳ್ಳೆಯ ಮಾರ್ಗದರ್ಶನ ಯಾವುದಿದೆ?

ಇನ್ನೊಂದು ಕೆಲಸ ದಾಖಲೆಗಳದ್ದು. ಕಣ್ಣೂರಿನ ಪದವೀಧರ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ವಲಸೆ ಪ್ರಮಾಣಪತ್ರ ಬೇಕು, ಅರ್ಹತಾ ಪ್ರಮಾಣಪತ್ರ ಬೇಕು. ಗಲ್ಫಿಗೆ ಹೋಗುವವನ ಪದವಿ ಪತ್ರಕ್ಕೆ ಕೇರಳ ಸರಕಾರದ ಅನಿವಾಸಿಗರ ಸಂಸ್ಥೆಯಾದ ನೋರ್ಕಾದ ದೃಢೀಕರಣ ಬೇಕು. 1980ರ ದಶಕದಲ್ಲಿ ಓದಿದವರ ಅಂಕಪಟ್ಟಿ ಕಳೆದರೆ ಕಣ್ಣೂರಿಗೆ ಹೋಗಿ ಫಲವಿಲ್ಲ, ತೇಂಞಿಪ್ಪಾಲಂಗೆ ಹೋಗಬೇಕು; 1968ಕ್ಕೆ ಮೊದಲಿನವರಾದರೆ ತಿರುವನಂತಪುರ. ಇದೆಲ್ಲ ಸಣ್ಣ ವಿಷಯ ಎನಿಸಬಹುದು. ಬದಿಯಡ್ಕದ ಒಬ್ಬ ಕೂಲಿಕಾರನ ಮಗಳಿಗೆ ಇದು ಒಂದು ವರ್ಷದ ಪ್ರಶ್ನೆ. ಪ್ರತಿ ವಿಶ್ವವಿದ್ಯಾಲಯದ ಊರಿನಲ್ಲಿ ನಮ್ಮ ಒಬ್ಬ ಹಳೆ ವಿದ್ಯಾರ್ಥಿ, ಅರ್ಜಿಯ ಹಿಂದೆ ಹೋಗಿ ಬರುವವನು, ಇದ್ದರೆ ಸಾಕು. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿದ ದಿನಗಳನ್ನು ಯಾರೂ ಮರೆತಿಲ್ಲ. ಗಡಿಯ ಎರಡೂ ಬದಿಯಲ್ಲಿ ಪರಿಚಯಸ್ಥರಿದ್ದವರಿಗೆ ಎಷ್ಟು ಬಲವಿತ್ತು, ಇಲ್ಲದವರು ಹೇಗೆ ಒದ್ದಾಡಿದರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ.

ಹಣದ ಮಾತಿಗೆ ಬರುತ್ತೇನೆ. 2023ರಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಮುಂಬಯಿ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಅದು ದೊಡ್ಡ ಮನಸ್ಸು, ಸಂತೋಷ. ಆದರೆ ನಮ್ಮ ಕಾಲೇಜುಗಳ ಸಭೆಗಳಲ್ಲಿ ಆ ಉದಾಹರಣೆಯನ್ನು ಎತ್ತುವುದನ್ನು ನಾನು ಮೆಚ್ಚುವುದಿಲ್ಲ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಧ್ಯಾಪಕರು, ಗುಮಾಸ್ತರು, ಸಹಕಾರಿ ಬ್ಯಾಂಕಿನ ನೌಕರರು, ಅಡಕೆ ಕೃಷಿಕರು, ಗಲ್ಫಿನಲ್ಲಿ ದುಡಿಯುವವರು. ಇವರಿಂದ ಬರುವುದು ಸಣ್ಣ ಮೊತ್ತ, ಆದರೆ ಕ್ರಮವಾಗಿ ಬರಬಲ್ಲ ಮೊತ್ತ. ಅದಕ್ಕೆ ತಕ್ಕ ವ್ಯವಸ್ಥೆ ಬೇಕು.

ಗಲ್ಫಿನ ಹಣದ ಬಗ್ಗೆ ನಮ್ಮಲ್ಲಿ ಅನಗತ್ಯ ಭಯವಿದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನೋಡುವುದು ಕೊಡುವವನ ಪೌರತ್ವವನ್ನು, ವಾಸದ ಊರನ್ನಲ್ಲ. ದುಬೈಯಲ್ಲೋ ದೋಹಾದಲ್ಲೋ ಇರುವ ನಮ್ಮ ಹುಡುಗನ ಬಳಿ ಭಾರತದ ಪಾಸ್‌ಪೋರ್ಟೇ ಇದೆ. ಅವನು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಪಾಸ್‌ಪೋರ್ಟಿನ ವಿವರವನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು, ಅಷ್ಟೆ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಮುಟ್ಟುವಂತಿಲ್ಲ, ನೋಂದಣಿ ಇದ್ದರೂ 2020ರ ತಿದ್ದುಪಡಿಯ ಪ್ರಕಾರ ಆ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಸಂಘಗಳು ಆ ದಾರಿಗೆ ಹೋಗದಿರುವುದೇ ಲೇಸು. ಆ ಸದಸ್ಯರಿಂದ ಹಣದ ಬದಲು ಸಮಯ ಕೇಳೋಣ: ತಿಂಗಳಿಗೊಂದು ಸಂಜೆ ಅವರು ನಮ್ಮ ಮಕ್ಕಳೊಂದಿಗೆ ಮಾತನಾಡಲಿ.

ತೆರಿಗೆ ವಿನಾಯಿತಿಯ ಆಸೆ ತೋರಿಸಿ ದೇಣಿಗೆ ಕೇಳುವ ಕ್ರಮವೂ ಈಗ ಹಿಂದಿನಷ್ಟು ಫಲ ಕೊಡದು. ಎಲ್ಲರ ಬಾಯಲ್ಲಿರುವ 80ಜಿ ವಿನಾಯಿತಿ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ನೌಕರನಿಗೆ ಸಿಗುವುದಿಲ್ಲ. 2,000 ರೂಪಾಯಿ ಮೀರಿದ ನಗದಿಗೆ ಹಳೆ ಪದ್ಧತಿಯಲ್ಲೂ ಸಿಗುವುದಿಲ್ಲ. ಹಾಗೆಂದು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಬೇಡವೆಂದಲ್ಲ. ಸಂಘದ ಆದಾಯಕ್ಕೇ ತೆರಿಗೆ ಬೀಳದಂತೆ ಕಾಯುವುದು ಆ ನೋಂದಣಿ, ಜೊತೆಗೆ ವರ್ಷದ ಆದಾಯದ ಶೇಕಡ 85ನ್ನು ಉದ್ದೇಶಕ್ಕೇ ಖರ್ಚು ಮಾಡಬೇಕೆಂಬ ಶಿಸ್ತೂ ಅದರಿಂದ ಬರುತ್ತದೆ. ಮೂಲನಿಧಿಯನ್ನು ಬ್ಯಾಂಕಿನಲ್ಲಿ ಭದ್ರವಾಗಿಟ್ಟು ಬಡ್ಡಿಯನ್ನು ಮಾತ್ರ ಬಳಸುವುದು ಹಳೆಯ ಕ್ರಮ. ಅದನ್ನು ಬಿಡಬಾರದು.

ದತ್ತಿ ಬಹುಮಾನಗಳ ಬಗ್ಗೆ ಒಂದು ಸಂಕಟವನ್ನು ಹೇಳಲೇಬೇಕು. ಎಷ್ಟೋ ಕುಟುಂಬಗಳು ತಂದೆ ತಾಯಿಯ, ಗುರುಗಳ ಹೆಸರಿನಲ್ಲಿ ದತ್ತಿ ಇಟ್ಟಿವೆ. ಹತ್ತು ಸಾವಿರ ರೂಪಾಯಿ ಅಂದು ದೊಡ್ಡ ಮೊತ್ತ. ಶೇಕಡ 7ರ ಬಡ್ಡಿಯಲ್ಲಿ ಅದು ಇಂದು ವರ್ಷಕ್ಕೆ 700 ರೂಪಾಯಿ ಕೊಡುತ್ತದೆ. ಕನ್ನಡ ಎಂ.ಎ.ಯಲ್ಲಿ ಮೊದಲ ಸ್ಥಾನ ಪಡೆದ ವಿದ್ಯಾರ್ಥಿನಿ ಅದನ್ನು ಪಡೆಯಲು ಸುಳ್ಯ ಗಡಿಯ ತನ್ನ ಊರಿನಿಂದ ಬಂದು ಹೋಗುವ ಖರ್ಚಿನಲ್ಲೇ ಅದರ ಒಂದು ಪಾಲು ಕರಗುತ್ತದೆ. ದಾನಿಯ ಮನೆಯವರನ್ನು ಕಂಡು, ಒಪ್ಪಿಗೆ ಪಡೆದು, ಇಂಥ ಹಲವು ದತ್ತಿಗಳನ್ನು ಒಂದೇ ವಿದ್ಯಾರ್ಥಿವೇತನವಾಗಿ ಕೂಡಿಸಬೇಕು. ಪ್ರಮಾಣಪತ್ರದಲ್ಲಿ ಎಲ್ಲ ಹೆಸರುಗಳೂ ಇರಲಿ. ಒಪ್ಪಿಗೆ ಇಲ್ಲದೆ ಕೂಡಿಸುವುದು ಮಾತ್ರ ತಪ್ಪು. ಕೊಟ್ಟ ಮಾತು ಸಂಘದ್ದು, ಸಮಿತಿ ಬದಲಾದರೂ ಮಾತು ಬದಲಾಗುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ ಅಂಕಗಳಿವೆ, ನೋಂದಾಯಿತ ಸಂಘವಿದೆಯೇ ಎಂದು ಕೇಳುತ್ತಾರೆ, ಆಂತರಿಕ ಗುಣಮಟ್ಟ ಸಮಿತಿಯಲ್ಲಿ ಹಳೆ ವಿದ್ಯಾರ್ಥಿಗಳ ಪ್ರತಿನಿಧಿ ಇರಬೇಕೆನ್ನುತ್ತಾರೆ. ಇದರಿಂದಾಗಿ ಹಲವು ಸಂಘಗಳು ಹುಟ್ಟಿದವು. ಆದರೆ ತಂಡ ಬರುವ ತಿಂಗಳಲ್ಲಿ ಹುಟ್ಟಿ ತಂಡ ಹೋದ ತಿಂಗಳಲ್ಲಿ ಮಲಗುವ ಸಂಘದಿಂದ ವಿದ್ಯಾರ್ಥಿಗೆ ಏನು ಬಂತು?

ಇದಕ್ಕಿಂತ ಮುಖ್ಯವಾದದ್ದು, ನಮ್ಮವರಿಗೆ ಹೆಚ್ಚು ತಿಳಿಯದೆ ಉಳಿದದ್ದು, ನೋಂದಾಯಿತ ಪದವೀಧರರ ಹಕ್ಕು. ಹಳೆ ವಿದ್ಯಾರ್ಥಿ ಸಂಘದ ಸದಸ್ಯತ್ವ ಬೇರೆ, ಇದು ಬೇರೆ. ಕೇರಳ ವಿಶ್ವವಿದ್ಯಾಲಯದ 1974ರ ಕಾಯ್ದೆಯಂಥ ಕಾಯ್ದೆಗಳಲ್ಲಿ, ಶುಲ್ಕ ಕಟ್ಟಿ ವಿಶ್ವವಿದ್ಯಾಲಯದ ಪದವೀಧರರ ವಹಿಯಲ್ಲಿ ಹೆಸರು ಬರೆಸಿಕೊಂಡವರು ಸೆನೆಟ್‌ಗೆ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಾರೆ. ಪಠ್ಯ, ಪರೀಕ್ಷೆ, ಹೊಸ ವಿಭಾಗ ಮುಂತಾದ ಮಾತುಗಳು ಬರುವ ಸಭೆ ಅದು. ಸಾರ್ವಜನಿಕ ವಿಶ್ವವಿದ್ಯಾಲಯ ಜನರದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದೇಣಿಗೆ ಕೊಟ್ಟವನಿಗೆ ಕಲ್ಲಿನ ಮೇಲೆ ಹೆಸರು ಸಿಗುತ್ತದೆ, ವಹಿಯಲ್ಲಿ ಹೆಸರಿದ್ದವನಿಗೆ ಮತ ಸಿಗುತ್ತದೆ. ಕನ್ನಡ ಕಲಿಕೆಯ ಪ್ರಶ್ನೆಗಳನ್ನು ಸೆನೆಟ್‌ನಲ್ಲಿ ಎತ್ತುವ ಒಬ್ಬ ಸದಸ್ಯನ ಮಾತಿಗೆ ನಡಾವಳಿಯಲ್ಲಿ ಜಾಗವಿದೆ, ನಮ್ಮ ನೂರು ಮನವಿಗಳಿಗೆ ಆ ಜಾಗ ಇಲ್ಲ. ನೀವು ಪದವಿ ಪಡೆದ ವಿಶ್ವವಿದ್ಯಾಲಯದ ಕಾಯ್ದೆಯಲ್ಲಿ ಈ ಅವಕಾಶ ಹೇಗಿದೆ ಎಂದು ನೋಡಿ, ಇದ್ದರೆ ಈ ವರ್ಷವೇ ಹೆಸರು ಬರೆಸಿಕೊಳ್ಳಿ.

ಹಾಗೆಂದು ಹಳೆ ವಿದ್ಯಾರ್ಥಿ ಸಂಘವನ್ನು ಭಾಷೆಯ ಹೋರಾಟದ ವೇದಿಕೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ನಮ್ಮ ಮನಸ್ಸಿನಲ್ಲಿದೆ, ಇರಲಿ. ಆದರೆ ಇದು ಸಪ್ತಭಾಷೆಗಳ ಊರು. ನಮ್ಮ ಬೆಂಚಿನಲ್ಲಿ ನಮ್ಮ ಪಕ್ಕ ಕುಳಿತವರು ಮಲಯಾಳದವರು, ತುಳುವರು, ಬ್ಯಾರಿಗಳು, ಕೊಂಕಣಿಗರು, ಮರಾಠಿಯವರು, ಉರ್ದುವಿನವರು. ಸಂಘ ಅವರೆಲ್ಲರದ್ದು. ನಾನು ಒತ್ತಾಯಿಸುವುದು ಒಂದನ್ನು: ಸಭೆಯ ನೋಟೀಸು, ನಡಾವಳಿ, ಲೆಕ್ಕಪತ್ರ ಇವು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಬೇಕು. ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ನಮ್ಮದೇ ಸಂಘದ ಪುಸ್ತಕದಲ್ಲಿ ಕನ್ನಡಕ್ಕೆ ಜಾಗ ಕೊಡದೆ ಕಲೆಕ್ಟರ್ ಕಚೇರಿಯಲ್ಲಿ ಅದನ್ನು ಕೇಳುವ ನೈತಿಕ ಬಲ ನಮಗೆ ಎಲ್ಲಿಂದ ಬರುತ್ತದೆ?

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು. ಪ್ರಾಂಶುಪಾಲರೇ ಸಂಘದ ಅಧ್ಯಕ್ಷರಾಗಬಹುದೇ ಎಂದು ಒಬ್ಬರು ಕೇಳಿದರು. ಗೌರವ ಪೋಷಕರಾಗಿರಲಿ, ಒಬ್ಬ ಅಧ್ಯಾಪಕರು ಸಂಯೋಜಕರಾಗಿರಲಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಹಳೆ ವಿದ್ಯಾರ್ಥಿಗಳಿಂದ ಚುನಾಯಿತರಾಗಲಿ ಎಂದೆ. ಸರಕಾರಿ ಕಾಲೇಜಿನ ಪ್ರಾಂಶುಪಾಲರಿಗೆ ಯಾವ ತಿಂಗಳೂ ವರ್ಗವಾಗಬಹುದು, ಖಾತೆಯ ಸಹಿ ಅವರೊಂದಿಗೆ ಊರು ಬಿಡಬಾರದು. ಅಧಿಕಾರಾವಧಿ ಎರಡು ವರ್ಷ, ಒಬ್ಬರಿಗೆ ಸತತ ಎರಡು ಅವಧಿಗಿಂತ ಹೆಚ್ಚು ಬೇಡ, ಸಮಿತಿಯಲ್ಲಿ ಕಳೆದ ಐದು ವರ್ಷಗಳ ಒಳಗೆ ಓದು ಮುಗಿಸಿದವರು ಇರಲೇಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮಹಿಳೆ ಎದ್ದು ನಿಂತರು. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟವರಂತೆ. ಪದವಿ ಸಿಗದ ತಾನು ಹಳೆ ವಿದ್ಯಾರ್ಥಿಯೇ ಎಂದು ಕೇಳಿದರು. ಸೆನೆಟ್‌ನ ವಹಿಗೆ ಪದವಿ ಬೇಕು, ಅಲ್ಲಿ ಬೇರೆ ದಾರಿಯಿಲ್ಲ. ಆದರೆ ಸಂಘದ ಸದಸ್ಯರು ಯಾರು ಎಂಬುದನ್ನು ನಿರ್ಧರಿಸುವುದು ಸಂಘದ ನಿಯಮಾವಳಿ. ‘ಕಾಲೇಜಿನಲ್ಲಿ ಕನಿಷ್ಠ ಒಂದು ವರ್ಷ ಕಲಿತವರು, ಪದವಿ ಪೂರ್ಣಗೊಳಿಸಿರಲಿ ಇಲ್ಲದಿರಲಿ’ ಎಂಬ ಒಂದು ವಾಕ್ಯವನ್ನು ಸದಸ್ಯತ್ವದ ನಿಯಮದಲ್ಲಿ ಸೇರಿಸಿದರೆ ಅವರು ಬರುತ್ತಾರೆ, ಪರೀಕ್ಷೆಗೆ ಮೊದಲೇ ವೀಸಾ ಬಂದು ಹೋದ ನೂರಾರು ಹುಡುಗರೂ ಬರುತ್ತಾರೆ. ನಿಯಮಾವಳಿಯ ಕರಡು ಇನ್ನೂ ಕೈಬರಹದಲ್ಲಿತ್ತು. ಕಾರ್ಯದರ್ಶಿಯವರು ಆ ವಾಕ್ಯವನ್ನು ಅಲ್ಲೇ ಎರಡೂ ಭಾಷೆಗಳಲ್ಲಿ ಬರೆದುಕೊಂಡರು. ಮುಂದಿನ ಸಭೆಯಲ್ಲಿ ಅದು ಮತಕ್ಕೆ ಬರುತ್ತದೆ. ನನ್ನ ಮತ ಅದರ ಪರ.